ದೊಡ್ಡವರಾದ ಮೇಲೆ ಹೊಸ ಭಾಷೆ: ಕ್ಲಾಸು, ಆ್ಯಪ್, ಓದು, ಟ್ಯೂಟರ್ – ಯಾರಿಗೆ ಯಾವುದು?

ಜಪಾನೀಸ್ ಕಲಿಯಲು ಹೊರಟಾಗ ನನಗೆ 34 ವರ್ಷ. ಎರಡೂವರೆ ವರ್ಷ ತಪ್ಪದೆ ಕ್ಲಾಸಿಗೆ ಹೋದೆ. ಮನೆಗೆ ಕೊಟ್ಟ ಅಭ್ಯಾಸ ಒಂದನ್ನೂ ಬಿಡಲಿಲ್ಲ. ಪರೀಕ್ಷೆಗಳಲ್ಲಿ ಒಳ್ಳೆಯ ಅಂಕವೇ ಬಂತು. ಆಮೇಲೆ ಒಂದು ದಿನ ಕೆಲಸದ ವಿಡಿಯೋ ಕಾಲ್‌ನಲ್ಲಿ ಜಪಾನಿನವರೊಬ್ಬರು ‘ಎಷ್ಟು ದಿನದಿಂದ ಕಲಿಯುತ್ತಿದ್ದೀರಿ?’ ಅಂತ ಜಪಾನೀಸಿನಲ್ಲೇ ಕೇಳಿದರು. ಪ್ರಶ್ನೆ ಪೂರ್ತಿ ಅರ್ಥವಾಯಿತು. ಉತ್ತರಕ್ಕೆ ಬೇಕಾದ ಪದಗಳೂ ಗೊತ್ತಿದ್ದವು. ಮಾತು ಮಾತ್ರ ಹೊರಡಲಿಲ್ಲ.

ಅವತ್ತು ರಾತ್ರಿ ಕೂತು ಯೋಚಿಸಿದೆ. ಅಷ್ಟು ದಿನ ನಾನು ಮಾಡಿದ್ದೇನು? ಬಿಟ್ಟ ಸ್ಥಳ ತುಂಬಿದ್ದೆ, ನಾಲ್ಕರಲ್ಲಿ ಒಂದು ಸರಿಯುತ್ತರ ಆರಿಸಿದ್ದೆ, ಪಾಠ ಓದಿದ್ದೆ. ಅವೆಲ್ಲ ಚೆನ್ನಾಗಿಯೇ ಬರುತ್ತಿದ್ದವು. ಯಾರೋ ಕೇಳಿದ್ದಕ್ಕೆ ಎರಡು ಸೆಕೆಂಡಿನೊಳಗೆ ಬಾಯಿಬಿಟ್ಟು ಉತ್ತರ ಕೊಡುವುದನ್ನು ಹೆಚ್ಚುಕಡಿಮೆ ಮಾಡಿರಲೇ ಇಲ್ಲ. ಅದು ಬರಲೂ ಇಲ್ಲ.

ಹಾಗಾಗಿ ಕೆಳಗಿನ ದಾರಿಗಳನ್ನು ನಾನು ಒಂದೇ ಅಳತೆಯಲ್ಲಿ ಹೋಲಿಸಿದ್ದೇನೆ. ಈ ದಾರಿಯಲ್ಲಿ ಒಂದು ಗಂಟೆ ಕಳೆದರೆ ಬಾಯಿ ಎಷ್ಟು ನಿಮಿಷ ಕೆಲಸ ಮಾಡುತ್ತದೆ? ಕಿವಿ ಎಷ್ಟು ನಿಮಿಷ? ಉಳಿದದ್ದು ಎಲ್ಲಿ ಹೋಗುತ್ತದೆ? ‘ಯಾವುದು ಒಳ್ಳೆಯದು’ ಅನ್ನುವುದಕ್ಕಿಂತ ಈ ಪ್ರಶ್ನೆ ಕೇಳಿದರೆ ಆಯ್ಕೆ ಸುಲಭ.

ಮೊದಲು ಗಂಟೆಗಳ ಲೆಕ್ಕ

ಮೂರೇ ತಿಂಗಳಲ್ಲಿ ನಿರರ್ಗಳವಾಗಿ ಮಾತಾಡಿಸುತ್ತೇವೆ ಅನ್ನುವವರನ್ನು ದಯವಿಟ್ಟು ನಂಬಬೇಡಿ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ದಶಕಗಳ ಅನುಭವದಿಂದ ಒಂದು ಅಂದಾಜು ಕೊಡುತ್ತದೆ. ಇಂಗ್ಲಿಷ್ ಮಾತೃಭಾಷೆಯವರು ಕೆಲಸಕ್ಕೆ ಸಾಕಾಗುವಷ್ಟು ಸ್ಪ್ಯಾನಿಷ್ ಅಥವಾ ಫ್ರೆಂಚ್ ಕಲಿಯಲು ಸುಮಾರು 600ರಿಂದ 750 ತರಗತಿ ಗಂಟೆ ಬೇಕು. ಜರ್ಮನ್‌ಗೆ ಸುಮಾರು 900. ರಷ್ಯನ್‌ಗೆ 1,100ರ ಆಸುಪಾಸು. ಅರೇಬಿಕ್, ಚೈನೀಸ್, ಜಪಾನೀಸ್, ಕೊರಿಯನ್‌ಗೆ ಸುಮಾರು 2,200. ಅಲ್ಲಿ ಕಲಿಯುವವರಿಗೆ ಅದೇ ದಿನವಿಡೀ ಕೆಲಸ. ಗುಂಪು ಚಿಕ್ಕದು. ಮನೆಯ ಅಭ್ಯಾಸದ ಗಂಟೆಗಳು ಇದರ ಮೇಲೆ.

ಈಗ ನಮ್ಮ ದಿನಕ್ಕೆ ಇದನ್ನು ಹೊಂದಿಸಿ ನೋಡಿ. ದಿನಕ್ಕೆ ಅರ್ಧ ಗಂಟೆ ಅಂದರೆ ವರ್ಷಕ್ಕೆ ಸುಮಾರು 180 ಗಂಟೆ. ಫ್ರೆಂಚ್‌ಗೆ ನಾಲ್ಕು ವರ್ಷ ಹಿಡಿಯುತ್ತದೆ. ಜಪಾನೀಸ್‌ಗೆ ಹನ್ನೆರಡು. ದಿನಕ್ಕೆ ಒಂದೂವರೆ ಗಂಟೆ ಆದರೆ ಎರಡೂ ಮೂರನೇ ಒಂದು ಭಾಗಕ್ಕೆ ಇಳಿಯುತ್ತವೆ. ಯಾವ ದಾರಿ ಹಿಡಿದರೂ ಈ ಲೆಕ್ಕ ತಪ್ಪಿಸಲು ಆಗುವುದಿಲ್ಲ.

ಆದರೆ ಈ ಅಂಕಿಗಳು ಇಂಗ್ಲಿಷ್‌ನವರ ಅಂಕಿಗಳು ಅನ್ನುವುದು ನೆನಪಿರಲಿ. ಕನ್ನಡದವರಿಗೆ ಕೆಲವು ಭಾಷೆಗಳ ಬಾಗಿಲು ಬೇರೆ ಕಡೆಯಿಂದ ತೆರೆಯುತ್ತದೆ. ‘ವಾತಾಶಿ ವಾ ಹೋನ್ ಓ ಯೋಮಿಮಾಸು’ ಅನ್ನುವ ಜಪಾನೀಸ್ ವಾಕ್ಯ ನೋಡಿ. ಹೋನ್ ಅಂದರೆ ಪುಸ್ತಕ, ಓ ಅನ್ನುವುದು ನಮ್ಮ ‘ಅನ್ನು’ ಇದ್ದ ಹಾಗೆ, ಯೋಮಿಮಾಸು ಅಂದರೆ ಓದುತ್ತೇನೆ. ‘ನಾನು ಪುಸ್ತಕವನ್ನು ಓದುತ್ತೇನೆ.’ ಅದೇ ಜೋಡಣೆ, ಅದೇ ಕೊನೆಯ ಕ್ರಿಯಾಪದ! ಕೊರಿಯನ್ ಕೂಡ ಹೀಗೇ. ಇಂಗ್ಲಿಷ್‌ನವರು ತಿಂಗಳುಗಟ್ಟಲೆ ಒದ್ದಾಡುವ ಪದಕ್ರಮ ನಮಗೆ ಮೊದಲ ವಾರದಲ್ಲೇ ಸಹಜ ಅನ್ನಿಸುತ್ತದೆ. ಚೈನೀಸ್‌ನಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಬೇರೆಯಾದರೆ ಅರ್ಥವೂ ಬೇರೆ. ಕ, ಖ ಬೇರೆ ಅಂತ ವರ್ಣಮಾಲೆಯಲ್ಲೇ ಕಲಿತವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಲಿಪಿಯ ಕಷ್ಟ ಮಾತ್ರ ಯಾರನ್ನೂ ಬಿಡುವುದಿಲ್ಲ. ಜಪಾನಿನಲ್ಲಿ ದಿನಬಳಕೆಗೆ ಅಂತ ಸರ್ಕಾರ ಗೊತ್ತು ಮಾಡಿರುವ ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳೇ 2,136.

ವಯಸ್ಸಿನ ಭಯ

ಇದಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ಸುಮಾರು 6.7 ಲಕ್ಷ ಜನರ ಉತ್ತರಗಳನ್ನು ಆಧರಿಸಿ 2018ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ವ್ಯಾಕರಣವನ್ನು ಮಾತೃಭಾಷಿಕರ ಮಟ್ಟಕ್ಕೆ ಹೀರಿಕೊಳ್ಳುವ ಶಕ್ತಿ ಹದಿನೇಳು, ಹದಿನೆಂಟರ ನಂತರ ಕಡಿಮೆಯಾಗುತ್ತದೆ. ಅದು ನಿಜ. ಆದರೆ 1978ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಕುಟುಂಬಗಳನ್ನು ನೋಡಿದಾಗ, ಮೊದಲ ತಿಂಗಳುಗಳಲ್ಲಿ ದೊಡ್ಡವರೂ ಹದಿಹರೆಯದವರೂ ಪುಟ್ಟ ಮಕ್ಕಳಿಗಿಂತ ಬೇಗ ಕಲಿತಿದ್ದರು. ಜೋಸೆಫ್ ಕಾನ್ರಾಡ್ ಹುಟ್ಟಿನಿಂದ ಪೋಲಿಷ್ ಮಾತಿನವರು. ಇಂಗ್ಲಿಷ್ ಕಲಿತದ್ದು ಇಪ್ಪತ್ತರ ನಂತರ. ಇಂಗ್ಲಿಷಿನ ದೊಡ್ಡ ಕಾದಂಬರಿಕಾರರಾದರು. ಅವರ ಮಾತಿನಲ್ಲಿ ಪೋಲಿಷ್ ಧಾಟಿ ಕೊನೆಯವರೆಗೂ ಉಳಿಯಿತು. ಉಚ್ಚಾರಣೆಯಲ್ಲಿ ಸ್ವಲ್ಪ ತಾಯ್ನುಡಿ ಉಳಿದರೆ ಏನೂ ನಷ್ಟವಿಲ್ಲ ಅಲ್ವಾ?

ಕ್ಲಾಸು

ಒಂದೂವರೆ ಗಂಟೆಯ ಕ್ಲಾಸು, ಹದಿನೈದು ಜನ ಅಂದುಕೊಳ್ಳಿ. ಅರ್ಧ ಹೊತ್ತು ಶಿಕ್ಷಕರೇ ಮಾತಾಡುತ್ತಾರೆ. ಉಳಿದ 45 ನಿಮಿಷವನ್ನು ಸರಿಯಾಗಿ ಹಂಚಿದರೆ ಒಬ್ಬರಿಗೆ ಮೂರು ನಿಮಿಷ. ವಾರಕ್ಕೆ ಎರಡು ಕ್ಲಾಸಿದ್ದರೆ ಆರು ನಿಮಿಷ. ನನ್ನ ಎರಡೂವರೆ ವರ್ಷ ಎಲ್ಲಿ ಹೋಯಿತು ಅಂತ ತಿಳಿದದ್ದು ಈ ಲೆಕ್ಕ ಹಾಕಿದಾಗಲೇ.

ಹಾಗಂತ ಕ್ಲಾಸು ಬೇಡ ಅನ್ನಲಾರೆ. ಹೊಸ ಲಿಪಿ, ಪದಗಳ ಲಿಂಗ, ವಿಭಕ್ತಿ, ಚೈನೀಸ್‌ನ ಸ್ವರದ ಏರಿಳಿತ, ಇವನ್ನು ಮೊದಲಿಗೇ ಒಬ್ಬರು ಎದುರು ನಿಂತು ತಿದ್ದಿದರೆ ಎಷ್ಟೋ ಉಳಿತಾಯ. ಉಚ್ಚಾರಣೆಯಲ್ಲಿ ಬೇರೂರಿದ ತಪ್ಪನ್ನು ಆಮೇಲೆ ಕೀಳುವುದು ಬಹಳ ಕಷ್ಟ. ತನ್ನಷ್ಟಕ್ಕೆ ತಾನು ಕೂತು ಓದಲು ಆಗದವರಿಗೆ ಕ್ಲಾಸಿನ ವೇಳಾಪಟ್ಟಿಯೇ ಆಸರೆ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಎ1ರಿಂದ ಸಿ2ವರೆಗಿನ ಆರು ಹಂತಗಳ ಅಳತೆ ಕೇಳಿರುತ್ತೀರಿ. ಎ1 ಆರಂಭದ ಹಂತ, ಸಿ2 ಎಲ್ಲಕ್ಕಿಂತ ಮೇಲಿನದು. ಅದರಲ್ಲಿ ಎ2, ಅಂದರೆ ದಿನಬಳಕೆಯ ಸರಳ ಮಾತಿನ ಹಂತ ಮುಗಿಯುವವರೆಗೆ ಕ್ಲಾಸು ಒಳ್ಳೆಯ ದಾರಿ. ಅಲ್ಲಿಂದ ಮುಂದೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಸೇರುವ ಮುಂಚೆ ಒಂದು ದಿನ ಸುಮ್ನೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿ. ಶಿಕ್ಷಕರು ಪಾಠವನ್ನು ಯಾವ ಭಾಷೆಯಲ್ಲಿ ಮಾಡುತ್ತಾರೆ? ಇಬ್ಬಿಬ್ಬರನ್ನು ಜೋಡಿ ಮಾಡಿ ಮಾತಾಡಿಸುತ್ತಾರಾ? ಜೋಡಿ ಮಾಡಿಸುವ ಕ್ಲಾಸಿನಲ್ಲಿ ಮೂರು ನಿಮಿಷ ಇಪ್ಪತ್ತಾಗುತ್ತದೆ. ಹತ್ತು ಜನಕ್ಕಿಂತ ಜಾಸ್ತಿ ಇದ್ದು ಜೋಡಿ ಕೆಲಸವೂ ಇಲ್ಲ ಅಂದರೆ ಬೇರೆ ಕಡೆ ನೋಡಿ.

ಪರೀಕ್ಷೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಜಪಾನೀಸ್ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಐದು ಹಂತಗಳಿವೆ. ಯಾವ ಹಂತದಲ್ಲೂ ಮಾತಾಡುವ ಭಾಗವಿಲ್ಲ. ಕೆಲಸಕ್ಕೋ ಪ್ರವೇಶಕ್ಕೋ ಸರ್ಟಿಫಿಕೇಟ್ ಬೇಕಿದ್ದರೆ ಅದಕ್ಕೆ ಓದಲೇಬೇಕು. ಮಾತಿನ ಅಭ್ಯಾಸವನ್ನು ಮಾತ್ರ ಬೇರೆಯಾಗಿ ಇಟ್ಟುಕೊಳ್ಳಿ.

ಆ್ಯಪ್

ಆ್ಯಪ್ ಅಂದಾಗ ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುತ್ತೇವೆ.

ಒಂದು ಆಟದ ರೀತಿಯದು. 2012ರಲ್ಲಿ ಎಲ್ಲರಿಗೂ ತೆರೆದ ಡ್ಯುಯೊಲಿಂಗೊ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಮೊದಲ ಒಂದೆರಡು ತಿಂಗಳಿಗೆ ಇಂಥವು ಚೆನ್ನ. ಲಿಪಿ ಪರಿಚಯವಾಗುತ್ತದೆ, ಮೊದಲ ಕೆಲವು ನೂರು ಪದ ಕಿವಿಗೆ ಬೀಳುತ್ತವೆ, ದಿನವೂ ಕೂರುವ ಅಭ್ಯಾಸ ಬರುತ್ತದೆ. ತೊಂದರೆ ಏನೆಂದರೆ, ಪರದೆಯ ಮೇಲೆ ಇರುವ ಪದಗಳನ್ನು ಆರಿಸಿ ಜೋಡಿಸುವುದು ಗುರುತು ಹಿಡಿಯುವ ಕೆಲಸ. ಮಾತಾಡುವಾಗ ಎದುರಿಗೆ ಪದಗಳ ಪಟ್ಟಿ ಇರುವುದಿಲ್ಲ. ಸತತ 300 ದಿನ ಆಡಿದ್ದೇನೆ ಅನ್ನುವ ಲೆಕ್ಕ ನಿಮ್ಮ ಶಿಸ್ತನ್ನು ತೋರಿಸುತ್ತದೆ. ಭಾಷೆ ಎಷ್ಟು ಬಂದಿದೆ ಅನ್ನುವುದನ್ನು ಅದು ತೋರಿಸುವುದಿಲ್ಲ.

ಇನ್ನೊಂದು ಫ್ಲ್ಯಾಶ್‌ಕಾರ್ಡ್ ರೀತಿಯದು, ಅಂದರೆ ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ ಇರುವ ಕಾರ್ಡುಗಳು. 2006ರಿಂದ ಇರುವ ಆಂಕಿ ಇದರಲ್ಲಿ ಹೆಸರುವಾಸಿ. ಇದರ ಹಿಂದಿನ ವಿಚಾರ ತುಂಬ ಹಳೆಯದು. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಒಂದೇ ದಿನ ಇಪ್ಪತ್ತು ಸಲ ಓದುವುದಕ್ಕಿಂತ ಅಂತರ ಬಿಟ್ಟು ನೆನಪಿಸಿಕೊಂಡರೆ ಜಾಸ್ತಿ ಉಳಿಯುತ್ತದೆ ಅನ್ನುವುದು ಆಗಲೇ ಕಂಡಿತ್ತು. ಆಂಕಿ ಮಾಡುವುದು ಇಷ್ಟೇ. ಮರೆಯುವ ಹೊತ್ತಿಗೆ ಸರಿಯಾಗಿ ಆ ಪದವನ್ನು ಮತ್ತೆ ಮುಂದಿಡುತ್ತದೆ.

ನಾನು ಇವತ್ತಿಗೂ ಬಿಡದ ಒಂದೇ ಆ್ಯಪ್ ಇದು. ಆದರೆ ಬಳಸುವ ರೀತಿ ಮುಖ್ಯ. ಒಂಟಿ ಪದ ಹಾಕಬೇಡಿ, ಪುಟ್ಟ ವಾಕ್ಯ ಹಾಕಿ. ಧ್ವನಿಯನ್ನೂ ಸೇರಿಸಿ. ಬೇರೆಯವರು ಮಾಡಿಟ್ಟ ಐದು ಸಾವಿರ ಕಾರ್ಡಿಗಿಂತ ನೀವೇ ಓದಿದ ಪುಟದಿಂದ ತೆಗೆದ ಐನೂರು ಕಾರ್ಡು ಮೇಲು. ದಿನಕ್ಕೆ ಹತ್ತು ಹೊಸ ಕಾರ್ಡು ಸಾಕು. ಕಡಿಮೆ ಅನ್ನಿಸಬಹುದು. ಕೆಲವೇ ವಾರಗಳಲ್ಲಿ ದಿನವೂ ಎಪ್ಪತ್ತು ಎಂಬತ್ತು ಹಳೆಯ ಕಾರ್ಡು ಬಂದು ನಿಲ್ಲುತ್ತವೆ. ದಿನಕ್ಕೆ ಮೂವತ್ತು ಹಾಕಿ ಎರಡು ತಿಂಗಳಲ್ಲಿ ಕೈಬಿಟ್ಟವರನ್ನು ಬಹಳ ನೋಡಿದ್ದೇನೆ. ಇಪ್ಪತ್ತು ನಿಮಿಷದ ಮೇಲೆ ಇದಕ್ಕೆ ಕೊಡಬೇಡಿ. ಇದು ಪದಗಳನ್ನು ಕೂಡಿಡುವ ಜಾಗ, ಖರ್ಚು ಮಾಡುವುದನ್ನು ಬೇರೆ ಕಡೆ ಕಲಿಯಬೇಕು.

ಓದುವುದು, ಕೇಳುವುದು

ಭಾಷೆ ಕಲಿಸುವವರ ನಡುವೆ ದೊಡ್ಡ ವಾದ ನಡೆದಿರುವುದು ಇಲ್ಲೇ. ಅರ್ಥವಾಗುವ ಮಾತನ್ನು ಸಾಕಷ್ಟು ಕೇಳಿದರೆ, ಓದಿದರೆ ಭಾಷೆ ತಾನಾಗಿ ಬರುತ್ತದೆ ಅಂತ ಅಮೆರಿಕದ ಭಾಷಾಶಾಸ್ತ್ರಜ್ಞ ಸ್ಟೀಫನ್ ಕ್ರಾಶನ್ 1980ರ ದಶಕದಲ್ಲಿ ಬಲವಾಗಿ ಹೇಳಿದರು. ಹಂಗೇರಿಯ ದುಭಾಷಿ ಕಾಟೊ ಲೋಂಬ್ ಅವರ ಬದುಕು ಇದಕ್ಕೆ ಒಳ್ಳೆಯ ಸಾಕ್ಷಿ. ಅವರು ಓದಿದ್ದು ವಿಜ್ಞಾನ. ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ರಷ್ಯನ್ ಕಾದಂಬರಿ ಹಿಡಿದು, ಪುಟ ಪುಟ ಓದುತ್ತಲೇ ರಷ್ಯನ್ ಕಲಿತರು. ಎಲ್ಲ ಪದಕ್ಕೂ ನಿಘಂಟು ತೆಗೆಯದೆ ಮುಂದೆ ಹೋಗುವುದು ಅವರ ರೀತಿ. ಕೊನೆಗೆ ಹದಿನಾರು ಭಾಷೆಗಳಲ್ಲಿ ಕೆಲಸ ಮಾಡಿದರು.

ಇನ್ನೊಂದು ಕಡೆ ಕೆನಡಾದ ಕಥೆ ಇದೆ. 1965ರಲ್ಲಿ ಮಾಂಟ್ರಿಯಲ್ ಹತ್ತಿರದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಪಾಠವನ್ನೇ ಫ್ರೆಂಚ್‌ನಲ್ಲಿ ಹೇಳಲು ಶುರು ಮಾಡಿದರು. ಮುಂದೆ ಆ ಬಗೆಯ ಶಾಲೆಗಳು ಹರಡಿದವು. ಸಾವಿರಾರು ಗಂಟೆ ಫ್ರೆಂಚ್ ಕೇಳಿದ ಮಕ್ಕಳು ಓದುವುದರಲ್ಲಿ, ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಬಹಳ ಮುಂದೆ ಹೋದರು. ಮಾತಿನಲ್ಲಿ, ಬರಹದಲ್ಲಿ ಮಾತ್ರ ವ್ಯಾಕರಣದ ತಪ್ಪುಗಳು ಉಳಿದೇ ಇದ್ದವು. ಇದನ್ನು ನೋಡಿದ ಕೆನಡಾದ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ, ಕೇಳಿದರಷ್ಟೇ ಸಾಲದು, ತಾವೇ ವಾಕ್ಯ ಕಟ್ಟಬೇಕಾದ ಒತ್ತಾಯ ಇರಬೇಕು ಅಂದರು.

ನನ್ನ ಅನುಭವ ಸ್ವೇನ್ ಅವರ ಕಡೆಗೇ ಇದೆ. ಆದರೂ ನಿಮ್ಮ ಹೊತ್ತಿನ ಅರ್ಧಕ್ಕಿಂತ ಜಾಸ್ತಿ ಓದಿಗೂ ಕೇಳ್ಮೆಗೂ ಹೋಗಲಿ ಅನ್ನುತ್ತೇನೆ. ಒಳಗೆ ಇಲ್ಲದ್ದು ಬಾಯಿಗೆ ಬರುವುದು ಹೇಗೆ? ಇದು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿಯೂ ಹೌದು.

ಏನು ಓದಬೇಕು ಅನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಪದಸಂಪತ್ತಿನ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಪಾಲ್ ನೇಷನ್ ಅವರ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಹಾಯವಿಲ್ಲದೆ ಸರಾಗವಾಗಿ ಓದಬೇಕಾದರೆ ಪುಟದ 98 ಶೇಕಡಾ ಪದಗಳು ಗೊತ್ತಿರಬೇಕು. ಅಂದರೆ ನೂರಕ್ಕೆ ಎರಡೇ ಹೊಸ ಪದ. ಇಂಗ್ಲಿಷ್ ಕಾದಂಬರಿಯನ್ನು ಹಾಗೆ ಓದಲು 8,000ದಿಂದ 9,000 ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಬೇಕು ಅಂತ ಅವರು 2006ರಲ್ಲಿ ತೋರಿಸಿದರು. ಎ2 ಹಂತದಲ್ಲಿ ನೇರವಾಗಿ ಕಾದಂಬರಿಗೆ ಕೈಹಾಕಿದರೆ ಎರಡನೇ ಪುಟಕ್ಕೆ ಸುಸ್ತಾಗುವುದು ಇದಕ್ಕೇ. ಕಲಿಯುವವರಿಗಾಗಿ ಪದಗಳನ್ನು ಮಿತಿಯಲ್ಲಿಟ್ಟು ಬರೆದ ಹಂತದ ಪುಸ್ತಕಗಳು ಸಿಗುತ್ತವೆ. ಅವನ್ನು ಓದಿ. ಮಕ್ಕಳ ಪುಸ್ತಕ ಅಂತ ಮುಜುಗರ ಪಡಬೇಡಿ.

ವಿಡಿಯೋ ನೋಡುವುದಾದರೆ ಸಬ್‌ಟೈಟಲ್ ಕೂಡ ಅದೇ ಭಾಷೆಯಲ್ಲಿರಲಿ. ನಮಗೆ ಗೊತ್ತಿರುವ ಭಾಷೆಯಲ್ಲಿ ಸಬ್‌ಟೈಟಲ್ ಹಾಕಿದರೆ ಕಣ್ಣು ಓದುತ್ತದೆ, ಕಿವಿ ಸುಮ್ಮನಾಗುತ್ತದೆ. ಐದು ನಿಮಿಷದ ತುಣುಕನ್ನು ಮೊದಲು ಸಬ್‌ಟೈಟಲ್ ಇಲ್ಲದೆ, ಆಮೇಲೆ ಹಾಕಿ, ಮತ್ತೆ ತೆಗೆದು ನೋಡಿ. ಕೇಳಿಸುತ್ತಿದ್ದಂತೆಯೇ ಅರೆ ಸೆಕೆಂಡು ಹಿಂದೆ ಜೋರಾಗಿ ಹೇಳುತ್ತಾ ಹೋಗುವ ಶ್ಯಾಡೋಯಿಂಗ್ ಕೂಡ ಒಳ್ಳೆಯದು. ಉಚ್ಚಾರಣೆಗೆ, ಮಾತಿನ ಲಯಕ್ಕೆ ಹತ್ತು ನಿಮಿಷ ಸಾಕು.

ಟ್ಯೂಟರ್ ಮತ್ತು ಭಾಷಾ ಜೊತೆಗಾರ

ಒಬ್ಬರೇ ಕಲಿಯುವ, ಒಬ್ಬರೇ ಕಲಿಸುವ ಆನ್‌ಲೈನ್ ಪಾಠದಲ್ಲಿ ಒಂದು ಗಂಟೆಗೆ ಮೂವತ್ತು ನಲವತ್ತು ನಿಮಿಷ ನೀವೇ ಮಾತಾಡಬಹುದು. ಹದಿನೈದು ಜನರ ಕ್ಲಾಸಿನಲ್ಲಿ ಇಷ್ಟು ಮಾತಾಡಲು ಒಂದೂವರೆ ತಿಂಗಳು ಬೇಕು. ನನ್ನ ಬಾಯಿ ಬಿಡಿಸಿದ್ದು ಇದೇ. ಒಂದೇ ಒಂದು ಕಡೆ ದುಡ್ಡು ಖರ್ಚು ಮಾಡಬಲ್ಲೆ ಅನ್ನುವವರಿಗೆ ನಾನು ಹೇಳುವುದು ಇಲ್ಲಿ ಮಾಡಿ ಅಂತ.

ಆದರೆ ಬರಿಗೈಯಲ್ಲಿ ಹೋದರೆ ಆ ಗಂಟೆ ಕುಶಲೋಪರಿಯಲ್ಲೇ ಮುಗಿಯುತ್ತದೆ. ಪ್ರತಿ ವಾರ ‘ಈ ವಾರ ಏನು ಮಾಡಿದಿರಿ’ ಅನ್ನುವ ಅದೇ ಪ್ರಶ್ನೆ, ಅದೇ ಐವತ್ತು ಪದಗಳ ಉತ್ತರ. ನಾನು ಆರು ತಿಂಗಳು ಹಾಗೇ ಕಳೆದೆ. ಆಮೇಲೆ ಮೂರು ಬದಲಾವಣೆ ಮಾಡಿಕೊಂಡೆ. ಹಿಂದಿನ ದಿನವೇ ವಿಷಯ ಗೊತ್ತು ಮಾಡಿ, ಅದರ ಬಗ್ಗೆ ಒಂದು ಪುಟ ಓದಿಕೊಂಡು ಹೋಗತೊಡಗಿದೆ. ಮಧ್ಯೆ ತಡೆದು ತಿದ್ದಬೇಡಿ, ಐದು ಮುಖ್ಯ ತಪ್ಪುಗಳನ್ನು ಬರೆದಿಟ್ಟು ಕೊನೆಗೆ ಕೊಡಿ ಅಂತ ಟ್ಯೂಟರ್‌ಗೆ ಕೇಳಿಕೊಂಡೆ. ಆ ಐದು ಅವತ್ತೇ ಕಾರ್ಡಾಗುತ್ತವೆ. ಮೂರನೆಯದು, ಒಂದೇ ಕಥೆಯನ್ನು ಮೂರು ಸಲ ಹೇಳುವುದು. ಮೊದಲು ನಾಲ್ಕು ನಿಮಿಷದಲ್ಲಿ, ಆಮೇಲೆ ಮೂರು, ಕೊನೆಗೆ ಎರಡು ನಿಮಿಷದಲ್ಲಿ. ಇದು 1980ರ ದಶಕದಿಂದ ಶಿಕ್ಷಕರು ಬಳಸುತ್ತಿರುವ ಅಭ್ಯಾಸ. ಮೂರನೇ ಸಲಕ್ಕೆ ಏನು ಹೇಳಬೇಕು ಅನ್ನುವ ಚಿಂತೆ ಇರುವುದಿಲ್ಲ. ತಡವರಿಸುವುದು ನಮಗೇ ಗೊತ್ತಾಗುವಷ್ಟು ಕಡಿಮೆಯಾಗುತ್ತದೆ.

ತರಬೇತಿ ಪಡೆದ ಶಿಕ್ಷಕರು ಬೇಕಾ, ಸುಮ್ಮನೆ ಹರಟುವ ಮಾತೃಭಾಷಿಕರು ಸಾಕಾ? ಎ2ರ ಮುಂದಿನ ಹಂತವಾದ ಬಿ1ರವರೆಗೆ, ಅಂದರೆ ಪರಿಚಿತ ವಿಷಯಗಳನ್ನು ಸ್ವಂತವಾಗಿ ಮಾತಾಡುವಷ್ಟಾಗುವವರೆಗೆ, ಶಿಕ್ಷಕರೇ ಬೇಕು. ‘ಹೀಗೆ ಯಾಕೆ?’ ಅಂತ ಕೇಳಿದರೆ ಅವರು ವಿವರಿಸಬಲ್ಲರು. ಮಾತೃಭಾಷಿಕರು ‘ನಾವು ಹೀಗೇ ಹೇಳುವುದು’ ಅನ್ನುತ್ತಾರೆ. ನಿಮಗೆ ಯಾರಾದರೂ ‘ಬಂದ’ ಮತ್ತು ‘ಬಂದಿದ್ದಾನೆ’ ನಡುವಿನ ವ್ಯತ್ಯಾಸ ಕೇಳಿದರೆ ತಟ್ಟನೆ ಹೇಳಲು ಆಗುತ್ತದಾ? ಹಾಗೆಯೇ ಅವರಿಗೂ.

ಖರ್ಚಿಲ್ಲದ ದಾರಿ ಭಾಷಾ ಜೊತೆಗಾರ. ಅವರ ಭಾಷೆ ನಿಮಗೆ, ನಿಮ್ಮ ಭಾಷೆ ಅವರಿಗೆ. ಒಳ್ಳೆಯ ಸ್ನೇಹಗಳು ಹುಟ್ಟುತ್ತವೆ. ಕೊರತೆ ಎರಡು. ಅರ್ಧ ಹೊತ್ತು ನಿಮ್ಮದಲ್ಲ. ಮತ್ತೆ ಇಬ್ಬರಲ್ಲಿ ಯಾರು ಹೆಚ್ಚು ಬಲ್ಲರೋ ಆ ಭಾಷೆಗೇ ಮಾತು ಜಾರುತ್ತದೆ. ಗಡಿಯಾರ ಇಟ್ಟುಕೊಳ್ಳಿ, ಇಪ್ಪತ್ತು ನಿಮಿಷ ಇದು, ಇಪ್ಪತ್ತು ನಿಮಿಷ ಅದು.

ಈಗ ಕೃತಕ ಬುದ್ಧಿಮತ್ತೆಯ ಜೊತೆ ಬಾಯಿಮಾತಿನಲ್ಲೇ ಹರಟಬಹುದು. ನಾಚಿಕೆ ಜಾಸ್ತಿ ಇರುವವರಿಗೆ ಮೊದಲ ಮೆಟ್ಟಿಲಾಗಿ ಇದನ್ನು ಖಂಡಿತ ಹೇಳುತ್ತೇನೆ. ಆದರೆ ಅದು ನಿಮ್ಮ ಅರೆಬರೆ ವಾಕ್ಯವನ್ನೂ ತಾಳ್ಮೆಯಿಂದ ಅರ್ಥಮಾಡಿಕೊಂಡುಬಿಡುತ್ತದೆ. ವ್ಯಾಕರಣದ ವಿವರಣೆಯಲ್ಲಿ ಆಗಾಗ ತಪ್ಪುವುದೂ ಉಂಟು. ಎದುರಿನವರ ಹುಬ್ಬು ಗಂಟಿಕ್ಕುವುದನ್ನು ನೋಡಿ ವಾಕ್ಯ ತಿದ್ದಿಕೊಳ್ಳುವ ಅಭ್ಯಾಸ ಮನುಷ್ಯರ ಜೊತೆಗೇ ಆಗಬೇಕು.

ಆ ದೇಶಕ್ಕೇ ಹೋದರೆ?

ಅಲ್ಲಿ ಹೋದರೆ ತಾನಾಗಿ ಬರುತ್ತದೆ ಅನ್ನುವ ನಂಬಿಕೆ ಬಲವಾದದ್ದು. ಭಾಷಾ ಸಂಶೋಧಕ ರಿಚರ್ಡ್ ಶ್ಮಿಟ್ 1983ರಲ್ಲಿ ‘ವೆಸ್’ ಅಂತ ಹೆಸರಿಟ್ಟು ವಿವರಿಸಿದ ಜಪಾನೀ ಕಲಾವಿದರ ವಿಷಯ ಅದಕ್ಕೆ ಉತ್ತರ ಕೊಡುತ್ತದೆ. ಮೂವತ್ತು ದಾಟಿದ ಮೇಲೆ ಅವರು ಹವಾಯಿಗೆ ಬಂದು ನೆಲೆಸಿದರು. ಮೂರು ವರ್ಷ ಸುತ್ತಲೂ ಇಂಗ್ಲಿಷ್. ಧಾರಾಳವಾಗಿ ಮಾತಾಡಿದರು, ಸ್ನೇಹಿತರನ್ನು ಗಳಿಸಿದರು, ಕೆಲಸಕ್ಕೆ ಯಾವ ಅಡ್ಡಿಯೂ ಆಗಲಿಲ್ಲ. ಆದರೆ ಅವರ ವ್ಯಾಕರಣ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಗಮನ ಕೊಟ್ಟದ್ದು ಮಾತ್ರ ಒಳಗೆ ಹೋಗುತ್ತದೆ ಅನ್ನುವ ವಿಚಾರವನ್ನು ಶ್ಮಿಟ್ ಮುಂದೆ ಬೆಳೆಸಿದರು.

ಹಾಗಾಗಿ ಹೋಗುವುದಾದರೆ ಬಿ1 ಮುಗಿಸಿ ಹೋಗಿ. ಸೊನ್ನೆಯಿಂದ ಹೋದವರು ಇಂಗ್ಲಿಷ್ ಬಲ್ಲ ಗುಂಪಿನೊಳಗೇ ಉಳಿದುಬಿಡುತ್ತಾರೆ. ಅಮೆರಿಕದ ಮಿಡಲ್‌ಬರಿ ಕಾಲೇಜಿನ ಬೇಸಿಗೆ ಭಾಷಾ ಶಾಲೆಗಳು 1915ರಿಂದ ನಡೆಯುತ್ತಿವೆ. ಅಲ್ಲಿ ವಿದ್ಯಾರ್ಥಿಗಳು ಕಲಿಯುವ ಭಾಷೆ ಬಿಟ್ಟು ಬೇರೆ ಮಾತಾಡುವುದಿಲ್ಲ ಅಂತ ಸಹಿ ಹಾಕುತ್ತಾರೆ. ಆ ಪ್ರತಿಜ್ಞೆಯನ್ನು ನಾವು ಮನೆಯಲ್ಲೇ ಶನಿವಾರದ ಎರಡು ಗಂಟೆಗೆ ಮಾಡಿಕೊಳ್ಳಬಹುದು.

ನಿಮಗೆ ಯಾವುದು?

ಆರು ತಿಂಗಳಲ್ಲಿ ಬೇರೆ ದೇಶಕ್ಕೆ ಕೆಲಸಕ್ಕೆ ಹೋಗಬೇಕಿದೆಯಾ? ತೀವ್ರ ಕ್ಲಾಸು ಮತ್ತು ವಾರಕ್ಕೆ ಮೂರು ಸಲ ಟ್ಯೂಟರ್. ಕಾದಂಬರಿ ಓದುವ ಆಸೆ ಇಲ್ಲದಿದ್ದರೆ ಉಳಿದದ್ದು ಆಮೇಲೆ.

ಆ ಭಾಷೆಯ ಸಾಹಿತ್ಯ ಓದುವುದಷ್ಟೇ ಗುರಿಯಾ? ಟ್ಯೂಟರ್ ಬೇಡವೇ ಬೇಡ. ಒಂದು ವ್ಯಾಕರಣ ಪುಸ್ತಕ, ಆಂಕಿ, ಹಂತದ ಪುಸ್ತಕಗಳು. ಮಾತು ಬರದಿದ್ದರೂ ಅದು ಸೋಲಲ್ಲ.

ದಿನಕ್ಕೆ ಸಿಗುವುದು ಅರ್ಧ ಗಂಟೆ ಮಾತ್ರವಾ? ಹತ್ತು ನಿಮಿಷ ಕಾರ್ಡು, ಇಪ್ಪತ್ತು ನಿಮಿಷ ಓದು ಅಥವಾ ಕೇಳ್ಮೆ. ಹದಿನೈದು ದಿನಕ್ಕೊಮ್ಮೆ ಟ್ಯೂಟರ್. ಕೈಗಳು ಕೆಲಸದಲ್ಲಿರುವಾಗ ಕಿವಿಗೆ ಪಾಡ್‌ಕ್ಯಾಸ್ಟ್ ಕೊಟ್ಟರೆ ದಿನಕ್ಕೆ ಇನ್ನರ್ಧ ಗಂಟೆ ಹುಟ್ಟುತ್ತದೆ.

ಬಿ1ರಲ್ಲಿ ಸಿಕ್ಕಿಹಾಕಿಕೊಂಡು ವರ್ಷವಾಯಿತಾ? ನನ್ನ ಹಾಗಿರುವವರು ಬಹಳ ಜನ. ಹೊಸ ಪಠ್ಯಪುಸ್ತಕ ಕೊಳ್ಳಬೇಡಿ. ಅರ್ಥವಾಗುವುದಿಲ್ಲವಾ, ಅರ್ಥವಾದರೂ ಹೇಳಲು ಆಗುವುದಿಲ್ಲವಾ ಅಂತ ಮೊದಲು ನೋಡಿಕೊಳ್ಳಿ. ಮೊದಲನೆಯದಾದರೆ ಮೂರು ತಿಂಗಳು ಬರೀ ಓದು, ಕೇಳ್ಮೆ. ಎರಡನೆಯದಾದರೆ ಮೂರು ತಿಂಗಳು ಬರೀ ಮಾತು.

ಯಾವುದನ್ನು ಆರಿಸಿದರೂ ತಿಂಗಳ ಮೊದಲ ದಿನ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಡಿ. ತಯಾರಿ ಬೇಡ, ನಿನ್ನೆ ಏನಾಯಿತು ಅಂತ ಹೇಳಿದರೆ ಸಾಕು. ಮೂರು ತಿಂಗಳಾದರೂ ವ್ಯತ್ಯಾಸ ಕೇಳಿಸದಿದ್ದರೆ ದಾರಿ ಬದಲಿಸಿ. ನನ್ನ ಮೊದಲ ರೆಕಾರ್ಡಿಂಗ್‌ನಲ್ಲಿ ಒಂಬತ್ತು ವಾಕ್ಯಗಳಿವೆ, ನಡುವೆ ಉದ್ದುದ್ದ ಮೌನ. ಹದಿನಾಲ್ಕನೆಯದರಲ್ಲಿ ವಾಕ್ಯ ಎಣಿಸುವುದನ್ನು ಬಿಟ್ಟು, ಏನು ಹೇಳಿದ್ದೇನೆ ಅಂತ ಕೇಳುತ್ತಾ ಕೂತಿದ್ದೆ.